ಕೊಟ್ಟಾರದ ಚೌಕಿಯಲ್ಲಿ ಬಣ್ಣದ ಮಾತು

ಉಡುಪಿಯ ಕಡೆಯಿಂದ ಮಂಗಳೂರಿಗೆ ಬರುವ ಪ್ರವಾಸಿಗನು ಕೂಳೂರಿನಲ್ಲಿ ಫಲ್ಗುಣಿ ನದಿಯನ್ನು ದಾಟಿ ತುಸು ದೂರ ಸಾಗುವಷ್ಟರಲ್ಲಿ ಕೊಟ್ಟಾರ ಚೌಕಿ ಎದುರಾಗುತ್ತದೆ. ಅವಸರದ ಪ್ರಯಾಣಿಕನಾದರೆ ಅವನ ವಾಹನವು ಮೇಲುಸೇತುವೆಯನ್ನೇರಿ, ಊರಿನ ನೆತ್ತಿಯ ಮೇಲಿಂದಲೇ ನಂತೂರಿನತ್ತ ಧಾವಿಸಿಬಿಡುತ್ತದೆ. ಅವಸರವಿಲ್ಲದವನು ಸೇತುವೆಯ ಕೆಳಗೆ ಇಳಿದು, ಉರ್ವಸ್ಟೋರ್, ಲೇಡಿಹಿಲ್, ಲಾಲ್‌ಬಾಗುಗಳ ಮೂಲಕ ಪೇಟೆಯನ್ನು ಸೇರುವ ರಸ್ತೆಯನ್ನು ಹಿಡಿಯುತ್ತಾನೆ. ಆ ರಸ್ತೆಯ ಇಕ್ಕೆಲದಲ್ಲಿ ಹಬ್ಬಿಕೊಂಡಿರುವುದೇ ಕೊಟ್ಟಾರ.

ಪ್ರವಾಸಿ ಕೈಪಿಡಿಗಳಲ್ಲಿ ಈ ಹೆಸರನ್ನು ಹುಡುಕುವುದು ವ್ಯರ್ಥಶ್ರಮ. ಕಡಲು ನೋಡಬೇಕೆನ್ನುವವರು ಪಣಂಬೂರಿಗೆ ಹೋಗುತ್ತಾರೆ. ದೇವರನ್ನು ನೋಡಬೇಕೆನ್ನುವವರಿಗೆ ಕದ್ರಿ ಇದೆ, ಕುದ್ರೋಳಿ ಇದೆ. ಕೊಟ್ಟಾರದಲ್ಲಿರುವುದು ಜಿಲ್ಲಾ ಪಂಚಾಯತಿನ ಕಚೇರಿ, ತೆಂಗಿನ ತೋಟಗಳ ನಡುವೆ ಉಳಿದುಕೊಂಡ ಹೆಂಚಿನ ಮನೆಗಳು, ತೋಟಗಳನ್ನು ನುಂಗಿ ಎದ್ದು ನಿಂತ ಬಹುಮಹಡಿ ಕಟ್ಟಡಗಳು, ಹಸಿಮೀನಿನ ಅಂಗಡಿ, ಗೋಳಿಬಜೆಯ ಪರಿಮಳ ಬೀರುವ ಚಿಕ್ಕ ಹೋಟೆಲುಗಳು. ಮಳೆಗಾಲದಲ್ಲಿ ಚೌಕಿಯ ತಗ್ಗಿನಲ್ಲಿ ನೀರು ತುಂಬುವುದೂ ಒಂದು ವಾರ್ಷಿಕ ವಿಶೇಷವೇ. 2018ರ ಮೇ 29ರಂದು ಮಂಗಳೂರನ್ನೆಲ್ಲ ಮುಳುಗಿಸಿದ ಆ ಒಂದು ದಿನದ ಮಳೆಯನ್ನು ಇಲ್ಲಿಯವರು ಇನ್ನೂ ಮರೆತಿಲ್ಲ. ಒಟ್ಟಿನಲ್ಲಿ ಕಣ್ಣಿಗೆ ಇಲ್ಲಿ ಹೆಚ್ಚಿನ ಔತಣವಿಲ್ಲ. ಆದರೆ ಕಿವಿಗೆ ಉಂಟು.

ಯಕ್ಷಗಾನದ ಪರಿಭಾಷೆಯಲ್ಲಿ ಚೌಕಿಯೆಂದರೆ ಬಣ್ಣದ ಮನೆ. ವೇಷಧಾರಿಗಳು ಮುಖಕ್ಕೆ ಬಣ್ಣ ಹಚ್ಚಿಕೊಂಡು, ಕಿರೀಟ ಕಟ್ಟಿಕೊಂಡು ರಂಗಸ್ಥಳಕ್ಕೆ ಹೊರಡುವುದು ಅಲ್ಲಿಂದ. ಆಟ ಮುಗಿದ ಮೇಲೆ ಯಾರ ಪ್ರವೇಶ ಸೊಗಸಾಯಿತು, ಯಾರ ಮಾತು ಸಪ್ಪೆಯಾಯಿತು ಎಂಬ ವಿಮರ್ಶೆ ನಡೆಯುವುದೂ ಅಲ್ಲಿಯೇ. ಹೆದ್ದಾರಿಯ ಚೌಕಿ ಬೇರೆ, ಆಟದ ಚೌಕಿ ಬೇರೆ ಎಂಬುದು ನಿಜ. ಆದರೂ ಸಂಜೆಯ ಹೊತ್ತು ಕೊಟ್ಟಾರ ಚೌಕಿಯ ಬಸ್ಸು ನಿಲ್ದಾಣದಲ್ಲಿ ಕಾಲು ಗಂಟೆ ನಿಂತವನಿಗೆ ಈ ಎರಡು ಚೌಕಿಗಳ ನಡುವೆ ಅಂತರ ಬಹಳವಿಲ್ಲವೆಂದು ತೋರದಿರದು. ಅಲ್ಲಿಯ ಮಾತಿನಲ್ಲಿ ಅರ್ಧ ರಾಜಕೀಯವಾದರೆ ಉಳಿದರ್ಧ ಸಿನಿಮಾ, ಧಾರಾವಾಹಿ ಮತ್ತು ನಟನಟಿಯರದು.

ಸಿನಿಮಾದ ಮಾತು ಯಾವ ಊರಿನಲ್ಲಿಲ್ಲ ಎಂದು ಓದುಗರು ಕೇಳಬಹುದು. ಎಲ್ಲ ಊರುಗಳಲ್ಲಿಯೂ ಉಂಟು. ಆದರೆ ಇಲ್ಲಿಯ ಮಾತಿಗೆ ಒಂದು ವೈಲಕ್ಷಣ್ಯವಿದೆ. ಪರದೆಯ ಮೇಲಿನ ಕಥೆ ಕನ್ನಡದ್ದೋ ಹಿಂದಿಯದೋ ಮಲೆಯಾಳದ್ದೋ ಆಗಿರುತ್ತದೆ. ಅದರ ಮೇಲಿನ ತೀರ್ಪು ಮಾತ್ರ ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿ ಭಾಷೆಯಲ್ಲಿ ಹೊರಬೀಳುತ್ತದೆ. ಸಂಜೆ ಒಂದು ಮನೆಯಲ್ಲಿ ದೀಪ ಹಚ್ಚಿ ಭಜನೆ ಮುಗಿಯುತ್ತದೆ. ಇನ್ನೊಂದರಲ್ಲಿ ತೇರ್ಸಿನ ಜಪಮಾಲೆ ಕೆಳಗಿಳಿಯುತ್ತದೆ. ಮತ್ತೊಂದರಲ್ಲಿ ಮಗ್ರಿಬಿನ ನಮಾಜು ಪೂರೈಸುತ್ತದೆ. ಬಳಿಕ ಮೂರು ಮನೆಗಳಲ್ಲಿಯೂ ಒಂದೇ ಧಾರಾವಾಹಿಯ ಶೀರ್ಷಿಕೆಗೀತೆ ಕೇಳಿಬರುತ್ತದೆ. ಮರುದಿನ ಮೀನಿನ ಅಂಗಡಿಯ ಮುಂದೆ ಮೂವರು ಗೃಹಿಣಿಯರು ಸೇರಿದರೆ, ಬಂಗುಡೆಯ ಬೆಲೆಯನ್ನು ಚೌಕಾಸಿ ಮಾಡುತ್ತಲೇ ಧಾರಾವಾಹಿಯ ಅತ್ತೆಯ ದುಷ್ಟತನವನ್ನೂ ತೂಗಿ ನೋಡುತ್ತಾರೆ. "ಅಷ್ಟು ಒಡವೆ ಹಾಕಿಕೊಂಡು ಯಾರಾದರೂ ಅಡಿಗೆಮನೆಗೆ ಹೋಗುತ್ತಾರಾ ಅಕ್ಕ?" ಎಂಬ ಪ್ರಶ್ನೆಗೆ ಧಾರಾವಾಹಿ ತಯಾರಕರು ಇನ್ನೂ ಉತ್ತರ ಕೊಟ್ಟಿಲ್ಲ. ಪ್ರಶ್ನೆ ಕೇಳಿದಾಕೆ ಅಂದಿನ ಸಂಜೆಯೂ ಅದೇ ಧಾರಾವಾಹಿಯ ಮುಂದೆ ಕುಳಿತಿರುತ್ತಾಳೆಂಬುದು ಬೇರೆ ಮಾತು.

ಈ ತೀರ್ಪುಗಳ ಹಿಂದೆ ಒಂದು ಹಳೆಯ ಅಳತೆಗೋಲಿದೆ. ಅದು ಯಕ್ಷಗಾನ. 1987ರ ಜನವರಿಯಲ್ಲಿ ದೂರದರ್ಶನವು ರಮಾನಂದ ಸಾಗರರ 'ರಾಮಾಯಣ'ವನ್ನು ಭಾನುವಾರ ಬೆಳಗ್ಗೆ ಪ್ರಸಾರ ಮಾಡತೊಡಗಿದಾಗ ದೇಶವಿಡೀ ಟೆಲಿವಿಷನ್ ಪೆಟ್ಟಿಗೆಯ ಮುಂದೆ ಕೈಮುಗಿದು ಕುಳಿತಿತ್ತು. ಪೆಟ್ಟಿಗೆಯಿದ್ದ ಮನೆಗೆ ಇಲ್ಲದ ಮನೆಯವರು ಬಂದು ಸೇರುವ ಕಾಲವದು. ಕರಾವಳಿಯ ಹಿರಿಯರಲ್ಲಿ ಅನೇಕರಿಗೆ ಹಿಂದಿ ಬಾರದು. ಆದರೆ ಕಥೆಯ ಪ್ರತಿಯೊಂದು ತಿರುವೂ ಬಾಯಿಪಾಠ. ಅರುಣ್ ಗೋವಿಲರ ರಾಮನ ಮಂದಹಾಸವನ್ನು ಅವರು ಒಪ್ಪಿಕೊಂಡರು. ತೊಡಕು ಬಂದುದು ಅರವಿಂದ ತ್ರಿವೇದಿಯವರ ರಾವಣನಲ್ಲಿ. ತೆಂಕುತಿಟ್ಟಿನ ಬಣ್ಣದ ವೇಷದ ರಾವಣನು ಮುಖದ ತುಂಬ ಚಿಟ್ಟಿ ಇಟ್ಟುಕೊಂಡು, ತೆರೆಯ ಹಿಂದಿನಿಂದಲೇ ಆರ್ಭಟಿಸುತ್ತ, ಚೆಂಡೆಯ ಪೆಟ್ಟಿಗೆ ನೆಲ ನಡುಗುವಂತೆ ಪ್ರವೇಶ ಮಾಡುವುದನ್ನು ಕಂಡ ಕಣ್ಣುಗಳಿಗೆ, ಮೀಸೆ ತಿರುವಿ ನಗುವ ರಾವಣನು ಎಷ್ಟು ದೊಡ್ಡ ನಟನಾದರೂ ಒಂದು ಹಿಡಿ ಕಡಿಮೆಯೇ. 2020ರಲ್ಲಿ ಊರೆಲ್ಲ ಬಾಗಿಲು ಹಾಕಿ ಕುಳಿತಿದ್ದಾಗ ಅದೇ 'ರಾಮಾಯಣ' ಮತ್ತೆ ಪ್ರಸಾರವಾಯಿತು. ಮೊದಲ ಸಲ ಮಕ್ಕಳಾಗಿ ನೋಡಿದವರು ಈ ಸಲ ತಮ್ಮ ಮಕ್ಕಳ ಪಕ್ಕದಲ್ಲಿ ಕುಳಿತು, ಹಿಂದೆ ತಮ್ಮ ಅಜ್ಜಂದಿರು ಮಾಡಿದ್ದ ಅದೇ ಹೋಲಿಕೆಯನ್ನು ಮಾಡಿದರು.

ಯಕ್ಷಗಾನದಲ್ಲಿ ಮುಖ್ಯವಾದುದು ಕಥೆಯಲ್ಲ. ಕಥೆ ಎಲ್ಲರಿಗೂ ಗೊತ್ತಿರುವುದೇ. "ಇವತ್ತು ಪ್ರಸಂಗ ಯಾವುದು?" ಎಂಬ ಪ್ರಶ್ನೆಯ ಬೆನ್ನಿಗೇ "ರಾವಣ ಯಾರದ್ದು?" ಎಂಬ ಪ್ರಶ್ನೆ ಬರುತ್ತದೆ. ಅದರಲ್ಲಿಯೂ ತಾಳಮದ್ದಳೆಗೆ ಬಂದರೆ ವೇಷವಿಲ್ಲ, ಕುಣಿತವಿಲ್ಲ; ಉಟ್ಟ ಧೋತ್ರದಲ್ಲಿಯೇ ಕುಳಿತು ಅರ್ಥಧಾರಿಗಳು ಮಾತಿನಿಂದಲೇ ಲಂಕೆಯನ್ನು ಕಟ್ಟಬೇಕು, ಮಾತಿನಿಂದಲೇ ಸುಡಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು ರಾಮನ ಎದುರು ವಾಲಿಯಾಗಿ ವಾದಕ್ಕಿಳಿದರೆ ಕೇಳುಗರು ಯಾರ ಪಕ್ಷವೆಂದು ತೀರ್ಮಾನಿಸಲಾಗದೆ ಬೆಳಗು ಮಾಡುತ್ತಿದ್ದರು. ಅರ್ಥಧಾರಿ ಕುಂಬ್ಳೆ ಸುಂದರ ರಾಯರು 1994ರಲ್ಲಿ ನೆರೆಯ ಸುರತ್ಕಲ್ ಕ್ಷೇತ್ರದಿಂದ ವಿಧಾನಸಭೆಗೇ ಆಯ್ಕೆಯಾದರು. ಮಾತಿಗೆ ಇಷ್ಟು ಬೆಲೆಯಿರುವ ಸೀಮೆಯಲ್ಲಿ ಸಿನಿಮಾ ನಟನನ್ನು ಮೊದಲು ಅಳೆಯುವುದು ಅವನ ರೂಪದಿಂದಲ್ಲ, ಹೊಡೆದಾಟದಿಂದಲೂ ಅಲ್ಲ. "ಪಾತೆರ ಇಜ್ಜಿ" — ಮಾತಿಲ್ಲ — ಎಂದು ತುಳುವಿನಲ್ಲಿ ಯಾರಾದರೂ ಹೇಳಿಬಿಟ್ಟರೆ ಆ ನಟನ ವಿಚಾರ ಅಲ್ಲಿಗೆ ಮುಗಿಯಿತೆಂದೇ ಲೆಕ್ಕ.

ಇಂಥ ಕಿವಿಗಳಿಗೆ ಕನ್ನಡ ಚಿತ್ರರಂಗವು ಬಹುಕಾಲ ನೋವನ್ನೇ ಉಣಿಸಿತು. ಹಳೆಯ ಚಿತ್ರಗಳಲ್ಲಿ ಮಂಗಳೂರಿನವನೆಂದರೆ ಹೋಟೆಲಿನ ಭಟ್ಟ, ಇಲ್ಲವೇ ಜಿಪುಣ ಯಜಮಾನ. ಬಾಯಿ ತೆರೆದರೆ "ಎಂತ ಮಾರಾಯ". ಅವನು ಬಂದುದೇ ನಗಿಸಲಿಕ್ಕೆ. ಕರಾವಳಿಯ ಕನ್ನಡವು ಪುಸ್ತಕದಂತಿದೆಯೆಂದು ಮೇಲಿನ ಸೀಮೆಯವರು ನಗುತ್ತಾರೆ. ಅದೇಕೆ ಹಾಗೆಂದು ವಿಚಾರಿಸಿದವರು ವಿರಳ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುವ ಮಗುವಿಗೆ ಕನ್ನಡವು ಮೊದಲು ಸಿಗುವುದು ಶಾಲೆಯ ಪಾಠಪುಸ್ತಕದಲ್ಲಿ. ಪುಸ್ತಕದಿಂದ ಕಲಿತ ಭಾಷೆ ಪುಸ್ತಕದಂತೆಯೇ ಇರುವುದರಲ್ಲಿ ಸೋಜಿಗವೇನು? ಕನ್ನಡದ ಮೊದಲ ಪತ್ರಿಕೆಯೆನಿಸಿದ 'ಮಂಗಳೂರ ಸಮಾಚಾರ'ವು 1843ರಲ್ಲಿ ಅಚ್ಚಾದುದು ಇದೇ ಪಟ್ಟಣದಲ್ಲಿ. ಕಿಟ್ಟೆಲರ ನಿಘಂಟು 1894ರಲ್ಲಿ ಹೊರಬಂದುದೂ ಇಲ್ಲಿಯ ಬಾಸೆಲ್ ಮಿಶನ್ ಮುದ್ರಣಾಲಯದಿಂದ. ಆ ಊರಿನ ಕನ್ನಡವೇ ಬೆಳ್ಳಿತೆರೆಯ ಮೇಲೆ ಹಾಸ್ಯದ ಸರಕಾದುದು ವಿಧಿಯ ವಿನೋದವೆನ್ನಬೇಕು. ಮಕ್ಕಳು ಬೆಂಗಳೂರಿಗೆ ಓದಲು ಹೋಗಿ, ಸಹಪಾಠಿಗಳು ಅಣಕಿಸಿದ ಮಾತನ್ನು ರಜೆಯಲ್ಲಿ ಬಂದು ಹೇಳಿದಾಗ ತಾಯ್ತಂದೆಯರು ಸುಮ್ಮನೆ ನಕ್ಕದ್ದುಂಟು. ಆ ನಗೆಯಲ್ಲಿ ಸಂತೋಷವಿರಲಿಲ್ಲ.

ಗಂಭೀರ ಚಿತ್ರಗಳು ಇರಲಿಲ್ಲವೆಂದಲ್ಲ. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಬಿ. ವಿ. ಕಾರಂತರು 1975ರಲ್ಲಿ ತೆಗೆದ 'ಚೋಮನ ದುಡಿ'ಗೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು, ಚೋಮನಾದ ಎಂ. ವಿ. ವಾಸುದೇವ ರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು. ಆದರೆ ಅದು ಗೌರವಿಸುವ ಚಿತ್ರ. ಬಸ್ಸಿನಲ್ಲಿ ನಿಂತು ಚರ್ಚಿಸುವ ಚಿತ್ರವಲ್ಲ. ಜನರ ಬಾಯಲ್ಲಿ ಉಳಿದುದು 1990ರ ಸುಮಾರಿಗೆ ದೂರದರ್ಶನದಲ್ಲಿ ಬಂದ, ಮೂಲ್ಕಿಯ ಸದಾನಂದ ಸುವರ್ಣರ 'ಗುಡ್ಡದ ಭೂತ'. ಕೆಲವೇ ಕಂತುಗಳ ಆ ಧಾರಾವಾಹಿಯಲ್ಲಿ ಹಂಚಿನ ಮನೆ, ಗುಡ್ಡ, ಕತ್ತಲೆ ಎಲ್ಲವೂ ನಿಜವಾದ ಕರಾವಳಿಯವು. ಆಗಿನ್ನೂ ಹೊಸಬರಾಗಿದ್ದ ಪ್ರಕಾಶ್ ರೈ ಅದರಲ್ಲಿ ನಟಿಸಿದ್ದರು. ಈಗ ಮೊಮ್ಮಕ್ಕಳನ್ನು ಕಂಡವರು ಕೂಡ ಅದರ ಶೀರ್ಷಿಕೆಗೀತೆಯನ್ನು ನೆನೆದರೆ ಬೆನ್ನಲ್ಲಿ ಚಳಿಯಾಡುತ್ತದೆ ಎನ್ನುತ್ತಾರೆ. 2024ರಲ್ಲಿ ಸುವರ್ಣರು ತೀರಿಕೊಂಡಾಗ ಅವರನ್ನು ನೆನೆಯಲು ಹೆಚ್ಚಿನವರಿಗೆ ಆ ಒಂದು ಹೆಸರೇ ಸಾಕಾಯಿತು.

ಅಣಕದ ಗಾಯ ಮಾಗತೊಡಗಿದುದು ತೀರ ಈಚೆಗೆ. 2014ರಲ್ಲಿ ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' ಚಿತ್ರದಲ್ಲಿ ಮಲ್ಪೆಯ ಪರಿಸರದ ಮಾತು ಮಲ್ಪೆಯವರ ಮಾತಿನಂತೆಯೇ ಕೇಳಿಸಿತು. 2017ರಲ್ಲಿ ರಾಜ್ ಬಿ. ಶೆಟ್ಟಿಯವರ 'ಒಂದು ಮೊಟ್ಟೆಯ ಕಥೆ' ಬಂತು. ಬೋಳುತಲೆಯ ಕನ್ನಡ ಉಪನ್ಯಾಸಕನೇ ಅದರ ನಾಯಕ. ಅವನು ಮಂಗಳೂರು ಕನ್ನಡವನ್ನೇ ಆಡುತ್ತಾನೆ. ಪ್ರೇಕ್ಷಕರು ನಕ್ಕರು, ಆದರೆ ಅವನ ಪಾಡಿಗೆ ನಕ್ಕರೇ ಹೊರತು ಅವನ ಭಾಷೆಗಲ್ಲ. ಈ ವ್ಯತ್ಯಾಸವನ್ನು ಕೊಟ್ಟಾರದ ಜನ ಚೆನ್ನಾಗಿ ಗುರುತಿಸಿದರು. ಅದೇ ನಟ 2021ರ 'ಗರುಡ ಗಮನ ವೃಷಭ ವಾಹನ'ದಲ್ಲಿ ಮಂಗಳಾದೇವಿಯ ಬೀದಿಗಳ ಕೊಲೆಗಡುಕನಾಗಿ ಹುಲಿವೇಷದ ಹೆಜ್ಜೆ ಹಾಕಿದಾಗ ಮಾತ್ರ ಅಭಿಪ್ರಾಯ ಎರಡಾಯಿತು. ತರುಣರು ಹುಚ್ಚೆದ್ದು ಕೊಂಡಾಡಿದರು. ಹಿರಿಯರು ನವರಾತ್ರಿಯ ಹುಲಿ ಹರಕೆಯ ಹುಲಿ, ಅದಕ್ಕೆ ನೆತ್ತರು ಬಳಿಯುವುದೇಕೆಂದು ಗೊಣಗಿದರು. ಎರಡೂ ಮಾತಿನಲ್ಲಿ ಸತ್ಯವುಂಟು.

ತುಳು ಚಿತ್ರಗಳ ವಿಚಾರಕ್ಕೆ ಬಂದರೆ ಅಭಿಪ್ರಾಯದ ರೀತಿಯೇ ಬದಲಾಗುತ್ತದೆ. ಮೊದಲ ತುಳು ಚಿತ್ರ 'ಎನ್ನ ತಂಗಡಿ' ತೆರೆಕಂಡುದು 1971ರಲ್ಲಿ. ಪುಟ್ಟಣ್ಣ ಕಣಗಾಲರ 'ಶರಪಂಜರ'ದಲ್ಲಿ ಕಲ್ಪನಾ ಕಣ್ಣೀರು ತರಿಸಿದ ಕಾಲವೂ ಅದೇ. ಆಕೆಯೂ ಈ ಜಿಲ್ಲೆಯ ಮಗಳೇ. ಬಳಿಕ ತುಳು ಚಿತ್ರ ಏಳುತ್ತ ಬೀಳುತ್ತ ಬಂತು. ರಿಚರ್ಡ್ ಕ್ಯಾಸ್ಟಲಿನೋ ಅವರು 'ಸೆಪ್ಟೆಂಬರ್ 8' ಚಿತ್ರವನ್ನು 24 ಗಂಟೆಗಳೊಳಗೆ ಚಿತ್ರೀಕರಿಸಿದ ಸಾಹಸವನ್ನು ಹಳಬರು ಇಂದಿಗೂ ಹೇಳುತ್ತಾರೆ. 2011ರಲ್ಲಿ ವಿಜಯಕುಮಾರ್ ಕೊಡಿಯಾಲಬೈಲ್ ಅವರ ನಾಟಕವು 'ಒರಿಯರ್ದೊರಿ ಅಸಲ್' ಎಂಬ ಚಿತ್ರವಾಗಿ ಬಂದು ನೂರು ದಿನಗಳನ್ನು ದಾಟಿತು. ಮರುವರ್ಷ ದೇವದಾಸ್ ಕಾಪಿಕಾಡ್ ಅವರ 'ತೆಲಿಕೆದ ಬೊಳ್ಳಿ'. 2014ರಲ್ಲಿ ವೀರೇಂದ್ರ ಶೆಟ್ಟಿ ಕಾವೂರು ನಿರ್ದೇಶಿಸಿದ 'ಚಾಲಿಪೋಲಿಲು' 500 ದಿನಗಳನ್ನು ಮೀರಿ ಓಡಿತು. ಇವುಗಳಲ್ಲಿ ಮೆರೆದ ನಟರ ಹೆಸರುಗಳನ್ನು ಒಮ್ಮೆ ಗಮನಿಸಬೇಕು: ನವೀನ್ ಡಿ. ಪಡೀಲ್, ಅರವಿಂದ ಬೋಳಾರ್, ಭೋಜರಾಜ ವಾಮಂಜೂರು. ಪಡೀಲು, ಬೋಳಾರ, ವಾಮಂಜೂರು, ಕಾವೂರು, ಕಾಪಿಕಾಡು, ಕೊಡಿಯಾಲಬೈಲು — ಎಲ್ಲವೂ ಮಂಗಳೂರಿನ ಕೇರಿಗಳೇ. ತುಳು ಚಿತ್ರದ ಹೆಸರುಗಳ ಪಟ್ಟಿಯನ್ನು ಓದಿದರೆ ಸಿಟಿ ಬಸ್ಸಿನ ಫಲಕವನ್ನು ಓದಿದಂತಾಗುತ್ತದೆ. ಕೊಟ್ಟಾರದಿಂದ ಕಾಪಿಕಾಡಿಗೆ ನಡೆದೇ ಹೋಗಬಹುದು.

ಇದರ ಪರಿಣಾಮವು ವಿಚಿತ್ರವಾದುದು. ಮುಂಬಯಿಯ ನಟನನ್ನು ಎಷ್ಟು ಜರೆದರೂ ಅವನ ಕಿವಿಗೆ ಬೀಳುವ ಭಯವಿಲ್ಲ. ಬೋಳಾರದ ನಟನನ್ನು ಜರೆಯುವುದು ಹೇಗೆ? ನಾಳೆ ಮದುವೆಯ ಊಟದ ಪಂಕ್ತಿಯಲ್ಲಿ ಅವರು ಪಕ್ಕದಲ್ಲಿಯೇ ಕುಳಿತಿರಬಹುದು. ಹೆಂಡತಿಯ ಕಡೆಯಿಂದ ನೆಂಟರೇ ಆಗಿರಬಹುದು. ಆದ್ದರಿಂದ ತುಳು ಚಿತ್ರ ಸೊರಗಿದಾಗ "ಪರವಾಗಿಲ್ಲ, ಒಮ್ಮೆ ನೋಡಬಹುದು" ಎಂಬ ಮಾತು ಬರುತ್ತದೆ. ಆ ಮಾತಿನ ಅರ್ಥ ನೋಡಬೇಕಾಗಿಲ್ಲವೆಂದು ಕೇಳುವವನಿಗೆ ತಿಳಿದಿರುತ್ತದೆ. ಬಿಜೈಯ ಭಾರತ್ ಮಾಲಿನಿಂದ ಪ್ರದರ್ಶನ ಮುಗಿಸಿ ಹಿಂದಿರುಗುವ ರಿಕ್ಷಾದಲ್ಲಿ ಗಂಡಹೆಂಡಿರು ಆಡಿಕೊಳ್ಳುವ ಮಾತು ಒಂದು. ಮರುದಿನ ಕಟ್ಟಡದ ಕೆಳಗೆ ನೆರೆಯವರಿಗೆ ಹೇಳುವ ಮಾತು ಇನ್ನೊಂದು. ಇದನ್ನು ಕಪಟವೆನ್ನಲಾಗದು. ಸಣ್ಣ ಭಾಷೆಯ ಸಣ್ಣ ಉದ್ಯಮವನ್ನು ಮನೆಯ ಮಗುವಿನಂತೆ ನೋಡಿಕೊಳ್ಳುವ ಪದ್ಧತಿಯದು. ಆದರೆ ಹೀಗೆ ಮುದ್ದು ಮಾಡಿದ್ದರಿಂದಲೇ ಎಷ್ಟೋ ಚಿತ್ರಗಳು ಹಳೆಯ ನಾಟಕದ ನಗೆಚಾಟಿಕೆಗಳನ್ನೇ ಮತ್ತೆ ಮತ್ತೆ ಬಡಿಸುತ್ತ ಕುಳಿತವು ಎಂದರೆ ಅದೂ ಸುಳ್ಳಲ್ಲ. ಉರ್ವಸ್ಟೋರಿನಲ್ಲಿ ತುಳು ಸಾಹಿತ್ಯ ಅಕಾಡೆಮಿಯ ತುಳು ಭವನವಿದೆ. ಅಲ್ಲಿ ತುಳುವಿನ ಘನತೆಯ ಬಗ್ಗೆ ಭಾಷಣ ಕೇಳಿ ಹೊರಬಂದವರೇ ಬಸ್ಸಿನಲ್ಲಿ ಕುಳಿತೊಡನೆ, ತುಳು ಚಿತ್ರವೆಂದರೆ ಬರೀ ನಗೆಯೇ ಏಕಾಗಬೇಕೆಂದು ಕೇಳಿದರೆ ತಪ್ಪೇನು?

ದೂರದ ತಾರೆಯರ ವಿಚಾರದಲ್ಲಿ ಇನ್ನೊಂದು ಬಗೆಯ ಮಮತೆ. ಐಶ್ವರ್ಯಾ ರೈ 1973ರಲ್ಲಿ ಹುಟ್ಟಿದುದು ಮಂಗಳೂರಿನಲ್ಲಿ. ಶಿಲ್ಪಾ ಶೆಟ್ಟಿ, ಅನುಷ್ಕಾ ಶೆಟ್ಟಿಯರೂ ಇಲ್ಲಿಯವರೇ. ಸುನೀಲ್ ಶೆಟ್ಟಿ ಮೂಲ್ಕಿಯವರು. ಇವರ ಚಿತ್ರ ಚೆನ್ನಾಗಿದ್ದರೆ "ನಮ್ಮ ಊರಿನವರು". ಚೆನ್ನಾಗಿಲ್ಲದಿದ್ದರೆ ಅದು ಹಿಂದಿ ಚಿತ್ರ, ತೆಲುಗು ಚಿತ್ರ. ಆದರೆ ಪ್ರತಿಯೊಬ್ಬರ ಮೇಲೂ ಕೊನೆಗೆ ಒಂದೇ ಪರೀಕ್ಷೆ: ತುಳು ಬರುತ್ತದೆಯೇ? ಯಾವುದೋ ಸಂದರ್ಶನದಲ್ಲಿ ಆ ನಟಿ ಎರಡು ವಾಕ್ಯ ತುಳುವಿನಲ್ಲಿ ಆಡಿದಳೆಂದರೆ ಹತ್ತು ಸೋತ ಚಿತ್ರಗಳಿಗೆ ಕ್ಷಮೆ ದೊರೆಯುತ್ತದೆ. ಮಂಗಳೂರಿನ ರೂಪೇಶ್ ಶೆಟ್ಟಿ 2022ರ ಕೊನೆಯಲ್ಲಿ ಕನ್ನಡದ 'ಬಿಗ್ ಬಾಸ್' ಗೆದ್ದಾಗ, ಆ ಕಾರ್ಯಕ್ರಮವನ್ನು ಬೈಯುತ್ತಿದ್ದ ಮನೆಗಳಲ್ಲಿಯೂ ಅಂದಿನ ಮಟ್ಟಿಗೆ ಬೈಗಳು ನಿಂತಿತು.

ಆ ವರ್ಷವೇ ಬಂದುದು 'ಕಾಂತಾರ'. 2022ರ ಸೆಪ್ಟೆಂಬರ್ 30ರಂದು ತೆರೆಕಂಡ ರಿಷಬ್ ಶೆಟ್ಟಿಯವರ ಆ ಚಿತ್ರವು ಪಂಜುರ್ಲಿ, ಗುಳಿಗ ದೈವಗಳನ್ನು ದೇಶದ ಮುಂದೆ ನಿಲ್ಲಿಸಿತು. ಅದೇ ಡಿಸೆಂಬರಿನಲ್ಲಿ ತುಳುವಿನಲ್ಲಿಯೂ ಬಂತು. 2024ರಲ್ಲಿ ಘೋಷಣೆಯಾದ ರಾಷ್ಟ್ರಪ್ರಶಸ್ತಿಗಳಲ್ಲಿ ರಿಷಬರು ಶ್ರೇಷ್ಠ ನಟರೆನಿಸಿದರು. ಕೊಟ್ಟಾರದಲ್ಲಿ ಆ ದಿನಗಳಲ್ಲಿ ಬೇರೆ ಮಾತೇ ಇರಲಿಲ್ಲ. ಮೊದಲ ವಾರದ ಮಾತು ಬರೀ ಹೆಮ್ಮೆಯದು. ಚಿತ್ರದ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಮೈ ಜುಮ್ಮೆಂದಿತೆಂದು ಹೇಳದವರಿಲ್ಲ. ಅಕ್ಟೋಬರಿನಲ್ಲಿ ರಾಜ್ಯ ಸರಕಾರವು 60 ವರ್ಷ ಮೀರಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿಗಳ ಮಾಸಾಶನವನ್ನು ಘೋಷಿಸಿತು. ನಲಿಕೆ, ಪರವ, ಪಂಬದ ಸಮುದಾಯಗಳ ವೃದ್ಧರಿಗೆ, ಇರುಳಿಡೀ ಅಣಿ ಹೊತ್ತು ಕುಣಿದು ಸವೆದ ಮೊಣಕಾಲುಗಳಿಗೆ, ಸಿನಿಮಾದಿಂದ ಇಷ್ಟಾದರೂ ಪ್ರಯೋಜನವಾಯಿತಲ್ಲ ಎಂದು ಜನ ಸಮಾಧಾನಪಟ್ಟರು.

ಬಳಿಕ ಮಾತಿನ ದನಿ ತಗ್ಗಿತು. ಎಲ್ಲೆಲ್ಲಿಯದೋ ವೇದಿಕೆಗಳಲ್ಲಿ, ಶಾಲಾ ವಾರ್ಷಿಕೋತ್ಸವಗಳಲ್ಲಿ ದೈವದ ವೇಷ ಕುಣಿಯತೊಡಗಿತು. 'ಓ' ಎಂಬ ಆ ಕೂಗು ತರುಣರ ಮೊಬೈಲಿನಲ್ಲಿ ಗಂಟೆಯ ಸದ್ದಾಯಿತು. 2025ರ ಅಕ್ಟೋಬರ್ 2ರಂದು ಚಿತ್ರದ ಪೂರ್ವಕಥೆ ತೆರೆಕಂಡಾಗ ಕೆಲವರು ವೇಷ ಧರಿಸಿಯೇ ಚಿತ್ರಮಂದಿರಗಳಿಗೆ ನುಗ್ಗಿದರು. ಹಾಗೆ ಮಾಡಬೇಡಿರೆಂದು ಚಿತ್ರ ತಯಾರಿಸಿದ ಸಂಸ್ಥೆಯೇ ಪ್ರಾರ್ಥಿಸಬೇಕಾಯಿತು. ಆ ನವೆಂಬರಿನಲ್ಲಿ ಗೋವೆಯ ಚಿತ್ರೋತ್ಸವದ ವೇದಿಕೆಯ ಮೇಲೆ ಹಿಂದಿಯ ನಟ ರಣವೀರ್ ಸಿಂಗರು ದೈವವನ್ನು ಅನುಕರಿಸಿ, ಆಕ್ಷೇಪಗಳೆದ್ದ ಮೇಲೆ ಕ್ಷಮೆ ಕೇಳಿದರು. ಹೋಟೆಲಿನ ಭಟ್ಟನನ್ನು ಅಣಕಿಸಿದಾಗ ನಕ್ಕು ಸಹಿಸಿದ್ದ ಜನರಿಗೆ ಇದನ್ನು ಸಹಿಸುವುದು ಕಷ್ಟವಾಯಿತು. ತಮ್ಮ ಮಾತು ತೆರೆಯ ಮೇಲೆ ಸರಿಯಾಗಿ ಕೇಳಿಸಬೇಕೆಂದು ಎಷ್ಟೋ ವರ್ಷ ಹಂಬಲಿಸಿದವರೇ, ಅಷ್ಟು ಚೆನ್ನಾಗಿ ಕೇಳಿಸಬಾರದಿತ್ತೋ ಏನೋ ಎಂದು ಯೋಚಿಸುವಂತಾಯಿತು. ಚಿತ್ರವನ್ನು ಮೂರು ಸಲ ನೋಡಿದ ಮಗನೂ, ಒಮ್ಮೆಯೂ ನೋಡಲೊಲ್ಲದ ತಾಯಿಯೂ ಒಂದೇ ಮನೆಯಲ್ಲಿದ್ದಾರೆ. "ನಂಬುವವರಿಗೆ ಅದು ಸಿನಿಮಾ ಅಲ್ಲ ಮಗಾ" ಎಂದು ತಾಯಿ. "ನಂಬಿಕೆ ಇದ್ದದ್ದರಿಂದಲೇ ಅಷ್ಟು ಚಂದ ಬಂದದ್ದು ಅಮ್ಮ" ಎಂದು ಮಗ. ಈ ವಾದ ಇನ್ನೂ ಮುಗಿದಿಲ್ಲ. ಶೇಣಿಯವರ ವಾಲಿಯ ವಾದದಂತೆ ಇದರಲ್ಲಿಯೂ ಯಾರ ಪಕ್ಷವೆಂದು ಹೇಳುವುದು ಕಠಿಣವೇ.

ದೀಪಾವಳಿ ಕಳೆದು ಪತ್ತನಾಜೆಯವರೆಗೆ ಕರಾವಳಿಯಲ್ಲಿ ಕೋಲ, ನೇಮಗಳ ಕಾಲ. ಕೆಲವು ದೈವಸ್ಥಾನಗಳಲ್ಲಿ ಈಗ ಚಿತ್ರೀಕರಣ ಮಾಡಬಾರದೆಂಬ ಫಲಕವನ್ನು ತೂಗುಹಾಕಿದ್ದಾರೆ. ಚೌಕಿಯ ಹೋಟೆಲಿನಲ್ಲಿ ವಾರವಿಡೀ ನಟರ ಗುಣದೋಷಗಳನ್ನು ಜಾಲಾಡಿದ ತರುಣರು ಅಂದಿನ ರಾತ್ರಿ ಮೊಬೈಲನ್ನು ಕಿಸೆಯಲ್ಲಿಟ್ಟುಕೊಂಡು, ತಾಯಿಯ ಹಿಂದೆ ಕೈಮುಗಿದು ನಿಂತಿರುತ್ತಾರೆ. ದೈವವು ಒಂದೊಂದೇ ಕುಟುಂಬವನ್ನು ಹೆಸರು ಹಿಡಿದು ಕರೆದು ತುಳುವಿನಲ್ಲಿ ನುಡಿ ಕೊಡುತ್ತದೆ. ಯಕ್ಷಗಾನವಾದರೆ ಮಾತು ಗೆದ್ದಿತೋ ಸೋತಿತೋ ಎಂದು ಕೇಳಬಹುದಿತ್ತು. ಇಲ್ಲಿ ಹಾಗೆ ಕೇಳುವವರಿಲ್ಲ. ನಸುಕಿನಲ್ಲಿ ಹಣೆಯ ಮೇಲೆ ಗಂಧ ಒಣಗುತ್ತಿರುವಾಗ ಚಾ ಕುಡಿಯಲು ಸೇರಿದವರು, ಯಾರ ಮನೆಗೆ ಯಾವ ಅಭಯ ಸಿಕ್ಕಿತು, ಯಾರ ಮಗಳ ಮದುವೆಯ ಮಾತು ಬಂತು ಎಂಬುದನ್ನಷ್ಟೇ ಮೆಲುದನಿಯಲ್ಲಿ ಆಡಿಕೊಳ್ಳುತ್ತಾರೆ.